ಆ ಸೊನ್ನೆಯನ್ನೊಮ್ಮೆ ನೋಡಿ

2009ರಲ್ಲೂ 2019ರಲ್ಲೂ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ಸೀಮೆಯ ಊರುಗಳೊಳಗೆ ನುಗ್ಗಿದಾಗ, ಉಟ್ಟ ಬಟ್ಟೆಯಲ್ಲೇ ಎದ್ದು ಬಂದ ಜನ ತಗಡಿನ ಶೆಡ್ಡುಗಳಡಿ ದಿನ ದೂಡಿದ್ದನ್ನು ಕಂಡವರು ನೀವು. ತಲೆಯ ಮೇಲಿನ ಪೈಪಿಗೆ, ಆಂಗಲ್ಲಿಗೆ ಎಷ್ಟು ಸತುವಿನ ಲೇಪವಿದೆ ಎಂದು ಕೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಿ ಕೇಳಲಾರಳು. ಅವಳ ಪರವಾಗಿ ಕೇಳಬೇಕಾದವರು ನೀವೇ: ಸೈಟಿನ ಎಂಜಿನಿಯರುಗಳು, ತಪಾಸಣೆಗೆ ಬರುವವರು, ಕೋಟಿಂಗ್ ಗೇಜನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವವರು.

5 ಮಿ.ಮೀ. ಮತ್ತು ಅದಕ್ಕೂ ದಪ್ಪದ ಉಕ್ಕಿನ ಪ್ರತಿ ಚದರ ಮೀಟರಿಗೆ 610 ಗ್ರಾಂ ಸತುವು ಇರಲಿ ಎನ್ನುತ್ತದೆ ಭಾರತೀಯ ಮಾನಕ. ಅಂದರೆ ಸುಮಾರು 85 ಮೈಕ್ರಾನ್, ಒಂದು ತಲೆಗೂದಲಿನಷ್ಟು ದಪ್ಪ. ತುಕ್ಕಿಗೂ ಕಬ್ಬಿಣಕ್ಕೂ ನಡುವೆ ಇರುವುದು ಅಷ್ಟೇ. ಆ ಪದರ ಅರ್ಧವಾದರೆ ಕಂಬದ ಆಯುಷ್ಯವೂ ಹೆಚ್ಚುಕಡಿಮೆ ಅರ್ಧ.

ನಿಮಗೆ ಗೊತ್ತು, ದಪ್ಪ ಚಪ್ಪಟೆ ಪ್ಲೇಟಿನ ಮೇಲೆ ಸೊನ್ನೆ ಮಾಡಿದ ಗೇಜನ್ನು ಸಣ್ಣ ಪೈಪಿನ ದುಂಡು ಮೈಗೆ ಒತ್ತಿದರೆ ಅದು ಇಲ್ಲದ ಲೇಪವನ್ನೂ ಇದೆಯೆಂದು ತೋರಿಸುತ್ತದೆ. ನಿಮಗೆ ಗೊತ್ತು, ತೆಳು ತಗಡಿನ ಮೇಲೂ ಅದು ಹೀಗೇ ಹೆಚ್ಚು ತೋರಿಸುತ್ತದೆ. ನಿಮಗೆ ಗೊತ್ತು, ವರ್ಷಗಟ್ಟಲೆ ಒತ್ತಿಸಿಕೊಂಡು ಸವೆದ, ಗೇಜು ಹೊಂದಿಸುವ ಫಾಯಿಲಿನ ಮೇಲೆ ಈಗಲೂ 75 ಮೈಕ್ರಾನ್ ಎಂದೇ ಬರೆದಿರುತ್ತದೆ, ಅದನ್ನು ನಂಬಿ ಹೊಂದಿಸಿದ ಗೇಜು ಅಂದಿನಿಂದ ಪ್ರತಿ ಅಳತೆಗೂ ಇಷ್ಟಿಷ್ಟು ಸತುವನ್ನು ತಾನೇ ಕೂಡಿಸಿ ಹೇಳುತ್ತದೆ. ಈ ಮೂರು ತಪ್ಪೂ ವಾಲುವುದು ಒಂದೇ ಕಡೆಗೆ, ಲೇಪ ಸಾಕಷ್ಟಿದೆ ಎನ್ನುವ ಕಡೆಗೆ. ನನ್ನ ಸಂಕಟವೆಲ್ಲ ಇದೇ.

ನೀವು ಮೋಸ ಮಾಡುವವರಲ್ಲ. ಬಿಲ್ಲಿನ ಅವಸರ, ಮೇಲಿಂದ ಮೇಲೆ ಬರುವ ಫೋನು, ನೆತ್ತಿ ಸುಡುವ ಬಿಸಿಲು, ಇವುಗಳ ನಡುವೆ ಗೇಜು ತೋರಿಸಿದ್ದನ್ನು ಬರೆದುಕೊಂಡು ಮುಂದೆ ಹೋಗುತ್ತೀರಿ. ಆದರೆ ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ಬಾಗಲಕೋಟೆಯ ನವನಗರಕ್ಕೆ ಬಂದವರ ಬೀದಿಯ ದೀಪದ ಕಂಬ, ಇಳಕಲ್ಲಿನ ನೇಕಾರರ ಓಣಿಗೆ ನೀರು ಕೊಡುವ ಟ್ಯಾಂಕಿನ ಏಣಿ, ಎರಿ ಹೊಲದ ನಡುವೆ ಲೈನ್‌ಮನ್ ಮಳೆಯಲ್ಲಿ ಹತ್ತುವ ಕಬ್ಬಿಣದ ಕಂಬ, ಇವು ನಿಮ್ಮ ಅವಸರವನ್ನು ಮೈಮೇಲೆ ಹೊತ್ತು ನಿಲ್ಲುತ್ತವೆ. ಬುಡದಲ್ಲಿ, ಮಣ್ಣಿಗೆ ತಾಗಿದ ಕಡೆ, ಯಾರ ಕಣ್ಣಿಗೂ ಬೀಳದಂತೆ ತುಕ್ಕು ತಿನ್ನತೊಡಗಿದ ಮೇಲೆ ಆ ಕಂಬ ಹಿಡಿದು ಆಡುವ ಮಗುವಿಗೆ ನಿಮ್ಮ ವರದಿಯಲ್ಲಿ ಏನು ಬರೆದಿತ್ತೆಂದು ಗೊತ್ತಿರುವುದಿಲ್ಲ. ಮಾಲು ತಂದ ರೈತ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ಎಂದು ಬಗ್ಗಿ ನೋಡಬಲ್ಲ. ಗೇಜಿನ ಕ್ಯಾಲಿಬ್ರೇಷನ್ ಪತ್ರವನ್ನು ಆ ಮಗುವಿನ ಪರವಾಗಿ ನೋಡಲು ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ?

ನಾಳೆ ಬೆಳಿಗ್ಗೆ, ದಯವಿಟ್ಟು, ಮೊದಲ ಅಳತೆಗೆ ಮುನ್ನ ಪ್ರೋಬಿನ ತುದಿ ಒರೆಸಿ. ಅದೇ ಕೆಲಸದ, ಅದೇ ದುಂಡಿನ, ಲೇಪವಿಲ್ಲದ ತುಂಡೊಂದರ ಮೇಲೆ ಸೊನ್ನೆ ನೋಡಿ. ಫಾಯಿಲ್ ಇಟ್ಟು ನೋಡಿ, ಸವೆದಿದ್ದರೆ, ಮಡಿಕೆ ಬಿದ್ದಿದ್ದರೆ ಬಿಸಾಡಿ. ಬಿಸಿಲೇರಿದ ಮೇಲೆ ಮತ್ತೊಮ್ಮೆ ನೋಡಿ. ವರ್ಷಕ್ಕೊಮ್ಮೆಯಾದರೂ ಗೇಜನ್ನು ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ಕಳಿಸಿ. ಗೇಜು ತಪ್ಪಿತ್ತೆಂದು ತಿಳಿದರೆ ನಿನ್ನೆ ಪಾಸು ಮಾಡಿದ್ದನ್ನೆಲ್ಲ ಮತ್ತೆ ಅಳೆಯಿರಿ. ಗುತ್ತಿಗೆದಾರರು ಸಿಟ್ಟಾದರೂ ಅಳೆಯಿರಿ.