ಮನೆಯ ಪ್ರಿಂಟರು: ದುರಸ್ತಿಯೋ, ಹೊಸ ಖರೀದಿಯೋ?

ಒಂದು ಯಂತ್ರವು ಕೆಟ್ಟಾಗ ಅದನ್ನು ನೆಟ್ಟಗೆ ಮಾಡಿಸಿಕೊಳ್ಳುವದು ಲೇಸೋ, ಹಳೆಯದನ್ನು ಬಿಸುಟು ಹೊಸದನ್ನು ಕೊಳ್ಳುವದು ಲೇಸೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಆಯಾ ಗೃಹಸ್ಥನ ಮನೆಲೆಕ್ಕಕ್ಕೆ ಸಂಬಂಧಿಸಿದ ಅಲ್ಪ ವಿಷಯವಾಗಿ ತೋರುವದು. ಆದರೆ ಸಾವಿರಾರು ಮನೆಗಳಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವು ದೊರೆಯುತ್ತಿರುವಾಗ, ಮತ್ತು ಆ ಉತ್ತರವು ಕೊಳ್ಳುವವನ ವಿವೇಕಕ್ಕಿಂತ ಮಾರುವವನ ಏರ್ಪಾಟಿನಿಂದಲೇ ನಿಶ್ಚಿತವಾಗುತ್ತಿರುವಾಗ, ಅದು ಸಾರ್ವಜನಿಕ ಪ್ರಶ್ನೆಯಾಗುವದು. ಮನೆಮನೆಗೆ ಬಂದಿರುವ ಪ್ರಿಂಟರು ಮತ್ತು ಅದರ ಮಸಿಯ ಕಾರ್ಟ್ರಿಜ್ ಇವುಗಳ ವಿಷಯದಲ್ಲಿ ನಡೆದಿರುವದು ಇದೇ. ಆದುದರಿಂದ ಇದನ್ನು ವಾಚಕರ ಮುಂದೆ ಇಡುವದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ನಮ್ಮ ಭಾಗದಲ್ಲಿ ಈ ಯಂತ್ರದ ಬಳಕೆಯು ಹೆಚ್ಚಿದುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. 2020 ಮತ್ತು 2021ರಲ್ಲಿ ಕೋವಿಡ್ ರೋಗದ ನಿಮಿತ್ತ ಶಾಲೆಗಳು ಮುಚ್ಚಿದಾಗ ಪಾಠದ ಹಾಳೆಗಳನ್ನು ಮನೆಯಲ್ಲಿಯೇ ಮುದ್ರಿಸಿಕೊಳ್ಳುವ ರೂಢಿಯು ಬಿದ್ದಿತು. 2017–18ರ ರಾಜ್ಯದ ಆಯವ್ಯಯದಲ್ಲಿ ಘೋಷಿತವಾದ 49 ಹೊಸ ತಾಲೂಕುಗಳಲ್ಲಿ ತಿಕೋಟಾ, ಬಬಲೇಶ್ವರಗಳೂ ಸೇರಿದ್ದವು. ಕಚೇರಿಗಳು ಬಂದವು, ಕಚೇರಿಗಳೊಡನೆ ಕಾಗದಗಳೂ ಬೆಳೆದವು. ಹೊಲದ ಉತಾರ, ಜಾತಿ-ಆದಾಯಗಳ ಪ್ರಮಾಣಪತ್ರ, ದ್ರಾಕ್ಷಿ ಬೆಳೆಗಾರನ ವಿಮೆಯ ಅರ್ಜಿ, ವಿದ್ಯಾರ್ಥಿಯ ಪ್ರವೇಶಪತ್ರ ಇವೆಲ್ಲವೂ ಈಗ ಗಣಕಯಂತ್ರದಿಂದ ಬರತಕ್ಕವುಗಳಾದರೂ ಕೊನೆಗೆ ಹಾಳೆಯ ಮೇಲೆ ಇಳಿಯಲೇಬೇಕು. ಹೀಗಾಗಿ ವಿಜಯಪುರದ ಕಾರಕೂನರ, ಶಿಕ್ಷಕರ, ವಕೀಲರ ಮನೆಗಳಲ್ಲಿ ಪ್ರಿಂಟರು ಒಂದು ಸಾಮಾನ್ಯ ವಸ್ತುವಾಗಿದೆ.

ಈಗ ಲೆಕ್ಕವನ್ನು ನೋಡೋಣ. ಪೇಟೆಯ ದರಗಳು ದಿನದಿನಕ್ಕೆ ಬದಲಾಗುವದರಿಂದ ಸೌಕರ್ಯಕ್ಕಾಗಿ ದುಂಡು ಅಂಕಿಗಳನ್ನೇ ಇಟ್ಟುಕೊಳ್ಳುವೆವು. ಕಾರ್ಟ್ರಿಜ್ ಬಳಸುವ ಯಂತ್ರಕ್ಕೆ 4,000 ರೂಪಾಯಿ. 450 ಪುಟ ಬರುವ ಕಪ್ಪು ಮಸಿಯ ಕಾರ್ಟ್ರಿಜ್‌ಗೆ 900 ರೂಪಾಯಿ. ಎಂದರೆ ಪುಟಕ್ಕೆ 2 ರೂಪಾಯಿ ಬಿದ್ದಿತು. 4,000 ಪುಟಗಳನ್ನು ಮುದ್ರಿಸುವಷ್ಟರಲ್ಲಿ ಮಸಿಗೆ 8,000 ರೂಪಾಯಿ, ಯಂತ್ರದ ಬೆಲೆಯ ಎರಡರಷ್ಟು, ವೆಚ್ಚವಾಗುವದು. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಇನ್ನು ಸೀಸೆಯಿಂದ ಮಸಿಯನ್ನು ಸುರಿಯುವ ತೊಟ್ಟಿಯ ಯಂತ್ರಕ್ಕೆ 12,000 ರೂಪಾಯಿ. 4,000 ಪುಟ ಬರುವ ಸೀಸೆಗೆ 400 ರೂಪಾಯಿ ಎಂದು ಹಿಡಿದರೆ ಪುಟಕ್ಕೆ ಹತ್ತೇ ಪೈಸೆ. ಮೊದಲಿಗೆ ಹೆಚ್ಚು ಕೊಟ್ಟ 8,000 ರೂಪಾಯಿಯು ಸುಮಾರು 4,200 ಪುಟಗಳಲ್ಲಿ ಮರಳಿ ಬರುವದು. ತಿಂಗಳಿಗೆ 100 ಪುಟ ಮುದ್ರಿಸುವ ಮನೆಗೆ ಇದು ಮೂರೂವರೆ ವರುಷದ ಮಾತು. ತಿಂಗಳಿಗೆ 20 ಪುಟ ಮಾತ್ರ ಬೇಕಾದ ಮನೆಗಾದರೋ ಹದಿನೇಳು ವರುಷಗಳ ಮೇಲಿನ ಮಾತು! ಅಂಥವನು ಬೀದಿಯ ಅಂಗಡಿಯಲ್ಲಿ ಪುಟಕ್ಕೆ 5 ರೂಪಾಯಿ ತೆತ್ತರೂ ತಿಂಗಳಿಗೆ ನೂರೇ ರೂಪಾಯಿ; ಅವನಿಗೆ ಯಾವ ಯಂತ್ರವೂ ಲಾಭದಾಯಕವಲ್ಲ.

ಕಾರ್ಟ್ರಿಜ್ ಡಬ್ಬಿಯ ಮೇಲೆ ಬರೆದ ಪುಟಗಳ ಸಂಖ್ಯೆಯನ್ನೂ ಎಚ್ಚರದಿಂದ ಓದಬೇಕು. ಅದು ಅಂತರರಾಷ್ಟ್ರೀಯ ಮಾನದಂಡದ ಮಾದರಿ ಪುಟಗಳನ್ನು ಎಡೆಬಿಡದೆ ಮುದ್ರಿಸಿ ಎಣಿಸಿದ ಸಂಖ್ಯೆ. ಮನೆಯಲ್ಲಿ ವಾರಕ್ಕೊಮ್ಮೆ ಯಂತ್ರವನ್ನು ಎಬ್ಬಿಸಿದಾಗಲೆಲ್ಲ ಅದು ತನ್ನ ಮುಖವನ್ನು ತೊಳೆದುಕೊಳ್ಳುವದಕ್ಕಾಗಿಯೇ ಕೆಲವು ಮಸಿಯನ್ನು ವ್ಯಯಿಸುವದು. ಹೊಸ ಯಂತ್ರದೊಡನೆ ಬರುವ ಕಾರ್ಟ್ರಿಜ್‌ನಲ್ಲಿ ಅನೇಕ ವೇಳೆ ಪೂರ್ಣ ಪ್ರಮಾಣದ ಮಸಿಯೂ ಇರುವದಿಲ್ಲ. ಎರಡು ಕಾರ್ಟ್ರಿಜ್‌ಗಳ ಬೆಲೆಗೆ ಹೊಸ ಪ್ರಿಂಟರೇ ಬರುವದೆಂದು ಹಿಗ್ಗುವವರು ಇದನ್ನು ಮರೆಯುತ್ತಾರೆ.

ಹಾಗಾದರೆ ದುರಸ್ತಿಯ ಮಾತೇನು? ಎಲ್ಲ ದುರಸ್ತಿಯೂ ಸಮಾನವಲ್ಲ. ಹಾಳೆಯನ್ನು ಎಳೆದುಕೊಳ್ಳುವ ರಬ್ಬರಿನ ಉರುಳೆಯು ಸವೆದುದು, ಚೆಲ್ಲಿದ ಮಸಿಯನ್ನು ಹೀರುವ ಮೆತ್ತೆಯು ತುಂಬಿದುದು, ಇವು ಅಲ್ಪ ವೆಚ್ಚದಲ್ಲಿ ಸರಿಯಾಗುವ ದೋಷಗಳು. ಮಸಿಯನ್ನು ಚಿಮ್ಮಿಸುವ ಮುಖವೂ ಒಳಗಿನ ವಿದ್ಯುತ್ ಫಲಕವೂ ಕೆಟ್ಟರೆ ವೆಚ್ಚ ಹೆಚ್ಚು. ಮುಖವು ಕಾರ್ಟ್ರಿಜ್‌ನಲ್ಲಿಯೇ ಕೂಡಿಕೊಂಡಿರುವ ಯಂತ್ರಗಳಲ್ಲಿ ಕಾರ್ಟ್ರಿಜ್ ಬದಲಾದೊಡನೆ ಮುಖವೂ ಹೊಸದಾಗುವದು; ಯಂತ್ರದಲ್ಲಿಯೇ ಸ್ಥಿರವಾಗಿರುವಲ್ಲಿ ಅದನ್ನು ಕಾಪಾಡಿಕೊಳ್ಳುವದೇ ಮುಖ್ಯ. ಆದುದರಿಂದ ನಮ್ಮ ಅಭಿಪ್ರಾಯವಿದು: ಮಸಿಯು ಅಗ್ಗವಾಗಿರುವ ಯಂತ್ರವನ್ನು ಹೊಸದರ ಅರ್ಧ ಬೆಲೆಯವರೆಗೆ ವೆಚ್ಚ ಮಾಡಿಯಾದರೂ ದುರಸ್ತಿ ಮಾಡಿಸಬೇಕು; ಮಸಿಯು ದುಬಾರಿಯಾಗಿರುವ ಯಂತ್ರವನ್ನು ದುರಸ್ತಿ ಮಾಡಿಸುವದೆಂದರೆ ತೂತಿನ ಕೊಡಕ್ಕೆ ಹೊಸ ಹಿಡಿಕೆ ಹಾಕಿಸಿದಂತೆ.

ಇದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಾಗಿಲ್ಲ. ಎಚ್.ಪಿ. ಕಂಪನಿಯ ಲೇಸರ್‌ಜೆಟ್ 1020, ಕ್ಯಾನನ್ ಕಂಪನಿಯ ಎಲ್.ಬಿ.ಪಿ. 2900 ಎಂಬ ಎರಡು ಪುಡಿಮಸಿಯ ಯಂತ್ರಗಳು ನಮ್ಮ ದೇಶದ ಕಚೇರಿಗಳಲ್ಲಿಯೂ ಝೆರಾಕ್ಸ್ ಅಂಗಡಿಗಳಲ್ಲಿಯೂ ಬಹುಕಾಲ ದುಡಿದಿವೆ. ಇವುಗಳ ಕಾರ್ಟ್ರಿಜ್‌ನಲ್ಲಿ ಕಾವಲಿನ ಚಿಪ್ ಇಲ್ಲ. ಪೇಟೆಯ ಕಸಬುದಾರನು ಅದನ್ನು ಬಿಚ್ಚಿ, ಹೊಸ ಪುಡಿಯನ್ನು ತುಂಬಿ, ಸವೆದ ಡ್ರಮ್ಮನ್ನೂ ಅಲಗನ್ನೂ ಬದಲಿಸಿ ಮತ್ತೆ ಮತ್ತೆ ಬಳಕೆಗೆ ತರಬಲ್ಲನು. ಯಂತ್ರವು ಬಿಚ್ಚಲು ಬರುವಂತಿದ್ದರೆ ನಮ್ಮ ಊರಿನ ಕೈಗಳು ಅದನ್ನು ಬದುಕಿಸಬಲ್ಲವೆಂಬುದು ಇದರಿಂದ ಸಿದ್ಧವಾಗಿದೆ.

ನಮ್ಮ ಹವೆಯನ್ನೂ ಇಲ್ಲಿ ನೆನೆಯಬೇಕು. ಬೇಸಿಗೆಯಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿಯನ್ನು ದಾಟುವದು. ಗಾಳಿ ಒಣ, ಧೂಳು ವಿಪುಲ. ಕೂದಲಿಗಿಂತ ಸಣ್ಣದಾದ ರಂಧ್ರಗಳಲ್ಲಿ ಮಸಿಯು ಒಣಗಿ ಕೂಡ್ರುವದು ಸಹಜ. ಪ್ರಿಂಟರಿನ ಗುಂಡಿಯನ್ನು ಒತ್ತಿ ಆರಿಸಿದರೆ ಮುಖವು ತನ್ನ ಮುಚ್ಚಳದಡಿಗೆ ಸರಿಯುವದು. ಗೋಡೆಯ ಸ್ವಿಚ್ಚನ್ನು ತಟ್ಟನೆ ಆರಿಸಿದರೆ, ಇಲ್ಲವೆ ಮುದ್ರಣದ ನಡುವೆ ವಿದ್ಯುತ್ತು ಹೋದರೆ, ಅದು ತೆರೆದೇ ಉಳಿದು ಒಣಗುವದು. ವಾರಕ್ಕೊಂದು ಬಣ್ಣದ ಪುಟವನ್ನು ಮುದ್ರಿಸುವ ಮನೆಯಲ್ಲಿ ಯಂತ್ರದ ಆಯುಷ್ಯವು ಹೆಚ್ಚುವದು. ಇಷ್ಟು ಸಣ್ಣ ದೋಷಕ್ಕಾಗಿ ತಿಕೋಟಾದವನೂ ಬಬಲೇಶ್ವರದವನೂ ಸುಮಾರು 20–25 ಕಿಲೋಮೀಟರು ದೂರದ ನಗರಕ್ಕೆ ಯಂತ್ರವನ್ನು ಹೊತ್ತು ತಂದು, ಮರಳಿ ಒಯ್ಯಲು ಮತ್ತೊಮ್ಮೆ ಬರಬೇಕಾದರೆ, ಬಸ್ಸಿನ ದರ ಮತ್ತು ಕಳೆದ ದಿನಗೂಲಿಗಳು ಸೇರಿ ದುರಸ್ತಿಯ ವೆಚ್ಚವನ್ನು ಇಮ್ಮಡಿಸುವವು.

ಆದರೆ ಕಸಬುದಾರನ ಕೈಗೆ ಸಿಗದ ಒಂದು ದೋಷವುಂಟು; ಅದು ಬುದ್ಧಿಪೂರ್ವಕವಾಗಿ ಇಟ್ಟ ದೋಷ. ಕಾರ್ಟ್ರಿಜ್‌ಗೆ ಅಂಟಿಸಿದ ಚಿಪ್ ಪರರ ಮಸಿಯನ್ನು ಗುರುತಿಸಿ ಯಂತ್ರವನ್ನೇ ನಿಲ್ಲಿಸುವದು. 2016ರ ಸಪ್ಟೆಂಬರದಲ್ಲಿ ಎಚ್.ಪಿ. ಕಂಪನಿಯ ಅನೇಕ ಪ್ರಿಂಟರುಗಳು ಅನ್ಯರ ಕಾರ್ಟ್ರಿಜ್‌ಗಳನ್ನು ಒಮ್ಮೆಲೇ ನಿರಾಕರಿಸತೊಡಗಿ ಜಗತ್ತಿನಲ್ಲೆಲ್ಲ ಕೂಗೆದ್ದಿತು. ಇಂಥ ನಿರ್ಬಂಧಗಳನ್ನು ಗಿರಾಕಿಗಳಿಗೆ ಸರಿಯಾಗಿ ತಿಳಿಸಲಿಲ್ಲವೆಂದು ಇಟಲಿಯ ಸ್ಪರ್ಧಾ ಪ್ರಾಧಿಕಾರವು 2020ರ ದಶಂಬರದಲ್ಲಿ ಆ ಕಂಪನಿಗೆ 1 ಕೋಟಿ ಯೂರೋ ದಂಡ ವಿಧಿಸಿತು. 2022ರ ಆರಂಭದಲ್ಲಿ ಇನ್ನೊಂದು ವಿಚಿತ್ರವು ನಡೆಯಿತು. ಜಗತ್ತಿನಲ್ಲಿ ಚಿಪ್‌ಗಳ ಅಭಾವವುಂಟಾದಾಗ ಕ್ಯಾನನ್ ಕಂಪನಿಯು ಚಿಪ್ ಇಲ್ಲದ ಪುಡಿಮಸಿಯ ಕಾರ್ಟ್ರಿಜ್‌ಗಳನ್ನು ತಾನೇ ಮಾರಿ, ಯಂತ್ರದ ಎಚ್ಚರಿಕೆಯನ್ನು ದಾಟಿ ಮುಂದುವರಿಯುವ ಬಗೆಯನ್ನು ಜರ್ಮನಿಯ ಗಿರಾಕಿಗಳಿಗೆ ತಾನೇ ಕಲಿಸಿತು. ಮುದ್ರಣದ ಗುಣಕ್ಕೆ ಬಾಧೆಯಿಲ್ಲವೆಂದೂ ಹೇಳಿತು. ಒಳ್ಳೆಯ ಮುದ್ರಣಕ್ಕೆ ಚಿಪ್ ಅವಶ್ಯವಲ್ಲವೆಂಬುದಕ್ಕೆ ಇನ್ನಾರ ಸಾಕ್ಷಿ ಬೇಕು?

ಕಂಪನಿಗಳವರ ಪಕ್ಷವನ್ನೂ ಹೇಳುವದು ನ್ಯಾಯ. ಮಸಿಯಲ್ಲಿ ಬರುವ ಲಾಭದಿಂದಲೇ ಯಂತ್ರವನ್ನು ಅಗ್ಗವಾಗಿ ಕೊಡುವೆವೆಂದೂ, ಕಳಪೆ ಮಸಿಯಿಂದ ಯಂತ್ರಕ್ಕೆ ಹಾನಿಯೆಂದೂ ಅವರು ವಾದಿಸುತ್ತಾರೆ. ಕಳಪೆ ಮಸಿಯು ಇರುವದು ನಿಜ. ಅದನ್ನು ಬಳಸಿ ಕೆಟ್ಟ ಯಂತ್ರದ ಹೊಣೆಯನ್ನು ಕಂಪನಿಯು ಹೊರಬೇಕೆಂದು ನಾವು ಹೇಳುವದಿಲ್ಲ. ಆದರೆ ಹಣ ಕೊಟ್ಟು ಕೊಂಡ ವಸ್ತುವಿನಲ್ಲಿ ಯಾವ ಮಸಿಯನ್ನು ಹಾಕಬೇಕೆಂಬುದು ಕೊಂಡವನ ಅಧಿಕಾರ. ಆನೆಯನ್ನು ಮಾರಿ ಅಂಕುಶವನ್ನು ತಮ್ಮಲ್ಲಿಯೇ ಇಟ್ಟುಕೊಳ್ಳುವ ವ್ಯಾಪಾರವು ಧರ್ಮವಲ್ಲ. ಅಮೇರಿಕದ ಸರ್ವೋಚ್ಚ ನ್ಯಾಯಾಲಯವು 2017ರ ಮೇ 30ರಂದು ಲೆಕ್ಸ್‌ಮಾರ್ಕ್ ಕಂಪನಿಯ ಮೊಕದ್ದಮೆಯಲ್ಲಿ, ಒಮ್ಮೆ ಮಾರಿದ ಕಾರ್ಟ್ರಿಜ್‌ನ ಮೇಲೆ ಕಂಪನಿಯ ಪೇಟೆಂಟು ಹಕ್ಕು ಉಳಿಯುವದಿಲ್ಲವೆಂದು ನಿರ್ಣಯಿಸಿತು. ನ್ಯಾಯಾಲಯವು ತೆರೆದ ಬಾಗಿಲನ್ನು ಚಿಪ್ ಮುಚ್ಚುತ್ತಿರುವದು.

ವಿಜಯಪುರಕ್ಕೆ ಮುದ್ರಣದ ಕಸಬು ಹೊಸದಲ್ಲ. ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ನಡೆಸಿ, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿ, ವಚನಗಳನ್ನು ನಾಡಿಗೆ ತಲುಪಿಸಿದ ಫ. ಗು. ಹಳಕಟ್ಟಿಯವರ ಊರು ಇದು. ಆ ಕಾಲದ ಛಾಪಖಾನೆಗಳಲ್ಲಿ ಸವೆದ ಮೊಳೆಗಳನ್ನು ಕರಗಿಸಿ ಹೊಸ ಮೊಳೆ ಎರೆಯುತ್ತಿದ್ದರು. ಅಂಟು ಮತ್ತು ಕಾಕಂಬಿಗಳಿಂದ ಮಾಡಿದ ಮಸಿಯುರುಳೆಯು ಹಾಳಾದರೆ ಮತ್ತೆ ಕರಗಿಸಿ ಎರಕ ಹೊಯ್ಯುತ್ತಿದ್ದರು. ಆ ಕಷ್ಟದ ದಿನಗಳು ಮರಳಿ ಬರಲೆಂದು ನಾವು ಬಯಸುವದಿಲ್ಲ. ಆದರೆ ಅಂದಿನ ಮುದ್ರಕನು ತನ್ನ ಯಂತ್ರಕ್ಕೆ ಒಡೆಯನಾಗಿದ್ದನು. ಇಂದಿನ ಗೃಹಸ್ಥನು ತನ್ನ ಯಂತ್ರಕ್ಕೆ ಬಾಡಿಗೆದಾರನಾಗಿದ್ದಾನೆ.

ನಮ್ಮ ಸರಕಾರವು ಈ ದಿಕ್ಕಿನಲ್ಲಿ ಏನನ್ನೂ ಮಾಡಿಲ್ಲವೆನ್ನಲಾಗದು. ದುರಸ್ತಿಯ ಹಕ್ಕನ್ನು ಕುರಿತು 2022ರ ಜುಲೈದಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ಸಮಿತಿಯನ್ನು ನೇಮಿಸಿತು. ಅದೇ ವರುಷದ ದಶಂಬರ 24ರಂದು ಜಾಲತಾಣವೊಂದನ್ನು ತೆರೆಯಿತು. ಅದು ಆರಿಸಿಕೊಂಡ ವರ್ಗಗಳು ನಾಲ್ಕು: ಒಕ್ಕಲುತನದ ಉಪಕರಣ, ಮೊಬೈಲು ಮೊದಲಾದವು, ಗೃಹೋಪಯೋಗಿ ವಸ್ತುಗಳು, ವಾಹನಗಳು. ಪ್ರಿಂಟರಿಗೆ ಪ್ರತ್ಯೇಕ ವರ್ಗವಿಲ್ಲ. ವಸ್ತುವು ದುರಸ್ತಿಗೆ ಎಷ್ಟು ಸುಲಭವೆಂಬುದನ್ನು ಅಂಕಿಯಲ್ಲಿ ತೋರಿಸುವ ಸೂಚ್ಯಂಕದ ವರದಿಯು 2025ರ ಮೇ ತಿಂಗಳಲ್ಲಿ ಸಲ್ಲಿಕೆಯಾಯಿತು. ಅದರಲ್ಲಿಯೂ ಮೊದಲ ಪಾಳಿ ಮೊಬೈಲು, ಟ್ಯಾಬ್ಲೆಟ್ಟುಗಳದು. ವಿಚಿತ್ರವೇನೆಂದರೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರೂ ಅದರ ಕಾರ್ಟ್ರಿಜ್‌ಗಳೂ ಹೆಸರು ಹಿಡಿದು ಬಂದಿವೆ. ಸತ್ತ ಮೇಲೆ ಹೂಳುವ ಹೊಣೆಯನ್ನು ಕಂಪನಿಗೆ ಹೊರಿಸಿದ ಸರಕಾರವು, ಬದುಕಿರುವಾಗ ಮದ್ದು ಕೊಡುವ ಹೊಣೆಯನ್ನು ಹೊರಿಸಬಾರದೇಕೆ?

ನಾವು ಸೂಚಿಸತಕ್ಕವು ಬಹಳವಿಲ್ಲ. ಪ್ರಿಂಟರನ್ನು ಈ ಸೂಚ್ಯಂಕದೊಳಗೆ ತರಬೇಕು. ಪುಟಕ್ಕೆ ಬೀಳುವ ಮಸಿಯ ವೆಚ್ಚವನ್ನೂ, ಅನ್ಯರ ಮಸಿಗೆ ಅಡ್ಡಿಯಿದೆಯೇ ಎಂಬುದನ್ನೂ ಡಬ್ಬಿಯ ಮೇಲೆ ಬೆಲೆಯಷ್ಟೇ ದಪ್ಪ ಅಕ್ಷರಗಳಲ್ಲಿ ಮುದ್ರಿಸುವಂತೆ ವಿಧಿಸಬೇಕು. ತಾಲೂಕು ಕಚೇರಿಗಳೂ ಶಾಲೆಗಳೂ ಪಂಚಾಯತಿಗಳೂ ಟೆಂಡರು ಕರೆಯುವಾಗ ಯಂತ್ರದ ಬೆಲೆಯೊಂದನ್ನೇ ನೋಡದೆ ಐದು ವರುಷಗಳ ಮಸಿ ಮತ್ತು ದುರಸ್ತಿಗಳ ವೆಚ್ಚವನ್ನು ಕೂಡಿಸಿ ನೋಡಬೇಕು. ಕಚೇರಿಗಳವರು ಹೀಗೆ ಕೊಳ್ಳತೊಡಗಿದರೆ ಪೇಟೆಯೂ ಆ ದಾರಿಗೆ ಬರುವದು. ಕೈಗಾರಿಕಾ ತರಬೇತಿ ಸಂಸ್ಥೆಗಳು ಈ ದುರಸ್ತಿಯನ್ನು ಕಲಿಸಿದರೆ ತಿಕೋಟಾದಲ್ಲಿಯೂ ಬಬಲೇಶ್ವರದಲ್ಲಿಯೂ ಒಬ್ಬೊಬ್ಬ ತರುಣನಿಗೆ ಅಂಗಡಿ ಇಡುವಷ್ಟು ಕೆಲಸ ದೊರಕೀತು. ಊರವರಿಗೆ ಬಸ್ಸಿನ ವೆಚ್ಚವೂ ಉಳಿದೀತು.

ಕೊಳ್ಳುವವರಾದರೂ ಅಂಗಡಿಯವನನ್ನು ಯಂತ್ರದ ದರವನ್ನು ಕೇಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಲಿ: ಪುಟಕ್ಕೆ ಮಸಿ ಎಷ್ಟು ಬೀಳುವದು? ಬೇರೆ ಮಸಿಯನ್ನು ಹಾಕಲು ಬರುವದೇ? ಕೆಟ್ಟರೆ ಈ ಊರಿನಲ್ಲಿ ಯಾರು ನೆಟ್ಟಗೆ ಮಾಡುವರು? ಈ ಮೂರಕ್ಕೂ ಉತ್ತರವಿಲ್ಲದ ಯಂತ್ರವನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವದು ಲೇಸು.