ಮರವೇರುವ ಹಗ್ಗ, ಹಿಡಿಯುವ ಗಂಟು ಮತ್ತು ಅರ್ಥವಾಗಬೇಕಾದ ಭಾಷೆ

ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಮಳೆಗಾಲವೆಂದರೆ ಕೊಳೆರೋಗದ ಭಯ, ಬೋರ್ಡೋ ದ್ರಾವಣದ ಸಿಂಪಡಣೆ, ಜಾರುವ ಮರ. ಕಾಲಿಗೆ ತಳೆ ತೊಟ್ಟು ಏರಬಲ್ಲ ನುರಿತವರು ವಿರಳವಾಗುತ್ತಿರುವುದನ್ನು ನಾವೆಲ್ಲರೂ ಬಲ್ಲೆವು. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಯಂತ್ರದ ಸಹಾಯದಿಂದ ತೆಂಗಿನ ಮರವೇರುವ ತರಬೇತಿಯನ್ನು ಆರಂಭಿಸಿತು. ಅಡಿಕೆಗೆ ಕಾರ್ಬನ್ ಫೈಬರ್ ದೋಟಿ ಬಂದಿತು. ಈಗ ಸೊಂಟಪಟ್ಟಿ, ಹಗ್ಗಗಳೂ ಸುಲಭವಾಗಿ ದೊರೆಯುತ್ತಿವೆ. ಆದರೆ ಹಗ್ಗವನ್ನು ಕೊಂಡುಕೊಂಡ ಮಾತ್ರಕ್ಕೆ ರಕ್ಷಣೆ ದೊರೆಯುವುದಿಲ್ಲ. ಹಗ್ಗಕ್ಕೆ ಹಾಕುವ ಗಂಟು, ಆ ಗಂಟಿನ ದಾರ, ಇವೆರಡರ ಆಯ್ಕೆಯಲ್ಲಿ ಜೀವವೇ ಅಡಗಿದೆ.

ಭಾರವಿಲ್ಲದಾಗ ಹಗ್ಗದ ಮೇಲೆ ಜಾರುವ, ಭಾರ ಬಿದ್ದೊಡನೆ ಕಚ್ಚಿ ಹಿಡಿಯುವ ಗಂಟನ್ನು ಘರ್ಷಣೆಯ ಗಂಟು ಎನ್ನಬಹುದು. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಚಾರಕ್ಕೆ ತಂದ ಗಂಟು ಇವುಗಳಲ್ಲಿ ಪ್ರಸಿದ್ಧವಾದುದು. ಅದು ಎರಡೂ ದಿಕ್ಕಿಗೆ ಹಿಡಿಯುತ್ತದೆ; ಆದರೆ ಒಮ್ಮೆ ಬಿಗಿದರೆ ಸಡಿಲಿಸುವುದು ಕಷ್ಟ. ಬ್ಲೇಕ್ ಗಂಟನ್ನು ಏರುವ ಹಗ್ಗದ ತುದಿಯಿಂದಲೇ ಹಾಕಬಹುದು, ಕಲಿಯುವವರಿಗೆ ಅನುಕೂಲ. ಆದರೆ ವೇಗವಾಗಿ ಇಳಿದರೆ ಉಜ್ಜಿದ ಭಾಗ ಕಾದು ಗಾಜಿನಂತೆ ನುಣುಪಾಗುತ್ತದೆ. ಡಿಸ್ಟೆಲ್, ವಾಲ್ಡೋಟೇನ್ ಗಂಟುಗಳು ಪ್ರತ್ಯೇಕ ದಾರದಿಂದ ಆಗುವಂಥವು. ಸರಾಗವಾಗಿ ಜಾರುತ್ತವೆ, ಆದರೆ ಸುತ್ತುಗಳ ಸಂಖ್ಯೆ ಏರುವವನ ತೂಕಕ್ಕೂ ಹಗ್ಗಕ್ಕೂ ಹೊಂದಬೇಕು.

ದಾರದ ವಿಷಯದಲ್ಲಿ ಮೂರು ಸಂಗತಿಗಳು ಮುಖ್ಯ. ಮೊದಲನೆಯದು ದಪ್ಪ: ಏರುವ ಹಗ್ಗ ಸಾಮಾನ್ಯವಾಗಿ 11ರಿಂದ 13 ಮಿಲಿಮೀಟರ್, ಗಂಟಿನ ದಾರ 8ರಿಂದ 10 ಮಿಲಿಮೀಟರ್. ದಾರ ತೆಳುವಾದಷ್ಟೂ ಬಿಗಿ ಹೆಚ್ಚು, ಸಡಿಲಿಸುವ ಶ್ರಮವೂ ಹೆಚ್ಚು. ಎರಡನೆಯದು ಮೃದುತ್ವ: ಗಡುಸಾದ ದಾರ ಹಗ್ಗವನ್ನು ಅಪ್ಪಿಕೊಳ್ಳದು. ಮೂರನೆಯದು ಶಾಖ. ಪೇಟೆಯಲ್ಲಿ ಅಗ್ಗವಾಗಿ ಸಿಗುವ ಪಾಲಿಪ್ರೊಪಿಲೀನ್ ಹಗ್ಗ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುತ್ತದೆ. ನೈಲಾನ್, ಪಾಲಿಯೆಸ್ಟರ್‌ಗಳು 200 ಡಿಗ್ರಿ ದಾಟಿದ ಮೇಲೆ ಕರಗುತ್ತವೆ. ಅರಾಮಿಡ್ ಎಂಬ ನಾರು ಕರಗುವುದಿಲ್ಲ. ಆದ್ದರಿಂದಲೇ ಗಂಟಿನ ದಾರದ ಹೊರಕವಚಕ್ಕೆ ಅದು ಮೆಚ್ಚಿನ ಆಯ್ಕೆ. ನೀರು ಸೇದುವ, ದನ ಕಟ್ಟುವ ಹಗ್ಗವನ್ನು ಈ ಕೆಲಸಕ್ಕೆ ಬಳಸುವುದು ಪ್ರಾಣಾಂತಿಕ.

ಮರದ ಸ್ವಭಾವವೂ ಗಣನೆಗೆ ಬರಬೇಕು. ಹಲಸು, ಮಾವಿನ ಗಟ್ಟಿ ಕೊಂಬೆಯ ಮೇಲೆ ಹಗ್ಗ ಹಾಯಿಸಬಹುದು. ಅಡಿಕೆ, ತೆಂಗಿಗೆ ಕೊಂಬೆಯಿಲ್ಲ. ಕಾಂಡವನ್ನು ಸುಮ್ಮನೆ ಬಳಸಿದ ಹಗ್ಗ ಕಾಲು ಜಾರಿದಾಗ ಕೆಳಗೆ ಸರಿಯುತ್ತದೆ. ಕಾಂಡವನ್ನು ಬಿಗಿದು ಹಿಡಿಯುವ ಕುಣಿಕೆಯೇ ಬೇಕು. ಕೊಳೆತ ಕಾಂಡವನ್ನು ಯಾವ ಗಂಟೂ ಕಾಪಾಡದು.

ಇಷ್ಟೆಲ್ಲ ತಿಳಿದರೂ ಒಂದು ಎಚ್ಚರಿಕೆ ಉಳಿಯುತ್ತದೆ: ಜಾರಿದಾಗ ಗಾಬರಿಯಿಂದ ಗಂಟನ್ನೇ ಮುಷ್ಟಿಯಲ್ಲಿ ಹಿಡಿದುಕೊಂಡರೆ ಅದು ಹಗ್ಗವನ್ನು ಕಚ್ಚುವುದಿಲ್ಲ. ಕೈ ಬಿಟ್ಟರೆ ಬದುಕು, ಹಿಡಿದರೆ ಪತನ. ಸಹಜ ಪ್ರವೃತ್ತಿಗೆ ವಿರುದ್ಧವಾದ ಇಂಥ ಮಾತು ಅರೆಬರೆ ತಿಳಿದ ಭಾಷೆಯಲ್ಲಿ ಮನಸ್ಸಿಗೆ ಇಳಿಯಲಾರದು.

ಇಲ್ಲಿಯೇ ನಮ್ಮ ಭಾಷೆಯ ಪ್ರಶ್ನೆ ಏಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶ ನೀಡಿದೆ. ಆ ಹಕ್ಕು ಅರ್ಜಿ, ಪ್ರಮಾಣಪತ್ರಗಳಿಗೆ ಮಾತ್ರ ಸೀಮಿತವೆಂದು ನಾವು ಭಾವಿಸಬಾರದು. ಮರವೇರುವ ತರಬೇತಿ ನಡೆಯುವಲ್ಲೆಲ್ಲ ಕನ್ನಡದ ಸಚಿತ್ರ ಸೂಚನೆಯೂ ಕನ್ನಡ ಬಲ್ಲ ತರಬೇತುದಾರರೂ ಇರಬೇಕೆಂದು ಪಂಚಾಯತು, ಕೃಷಿಭವನಗಳಿಗೆ ಕನ್ನಡದಲ್ಲಿಯೇ ಮನವಿ ಸಲ್ಲಿಸೋಣ. ನಮ್ಮ ಶಾಲೆಗಳ ವಿಜ್ಞಾನ ತರಗತಿಯಲ್ಲಿ ಘರ್ಷಣೆಯ ಪಾಠಕ್ಕೆ ಒಂದು ತುಂಡು ಹಗ್ಗ, ಒಂದು ಪ್ರೂಸಿಕ್ ಗಂಟು ಸಾಕು. ಕಲಿತ ಮಗು ಮನೆಗೆ ಬಂದು ತಂದೆಯ ಹಗ್ಗವನ್ನು ಪರೀಕ್ಷಿಸಿದರೆ, ಮಾತೃಭಾಷೆಯ ಶಿಕ್ಷಣದ ಪ್ರಯೋಜನವನ್ನು ನಾವು ಬೇರೆ ಮಾತಿನಲ್ಲಿ ಸಮರ್ಥಿಸಬೇಕಾಗಿಲ್ಲ.