ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ ಚುನಾವಣೆ ನಡೆಸುವಂತೆ ಮನವಿ

ದಿನಾಂಕ: 24 ಏಪ್ರಿಲ್ 2025

ಇವರಿಗೆ,
ಸರ್ಕಾರದ ಅಪರ ಮುಖ್ಯ ಕಾರ್ಯದರ್ಶಿಗಳು,
ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ, ಬೆಂಗಳೂರು
(ಸಹಾಯಕ ಆಯುಕ್ತರು, ಬಸವಕಲ್ಯಾಣ, ಇವರ ಮುಖಾಂತರ)

ವಿಷಯ: ಚುನಾಯಿತ ಪ್ರತಿನಿಧಿಗಳಿಲ್ಲದೆ ಅಧಿಕಾರಿಗಳ ಆಡಳಿತದಲ್ಲಿರುವ ಪಂಚಾಯಿತಿಗಳ ಕುರಿತು.

ಮಾನ್ಯರೆ,

ಪಂಚಾಯತ್ ರಾಜ್ ದಿನವಾದ ಇಂದು ಬಸವಕಲ್ಯಾಣ ಮತ್ತು ಹುಮನಾಬಾದ್ ಭಾಗದ ಮತದಾರರಾದ ನಾವು ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ತಾಲ್ಲೂಕು ಪಂಚಾಯಿತಿಗಳಿಗೂ ಬೀದರ್ ಜಿಲ್ಲಾ ಪಂಚಾಯಿತಿಗೂ ಕೊನೆಯದಾಗಿ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಅವಧಿ 2021ರಲ್ಲೇ ಮುಗಿಯಿತು. ಅಂದಿನಿಂದ ಅಧ್ಯಕ್ಷರಿಲ್ಲ, ಸ್ಥಾಯಿ ಸಮಿತಿಗಳಿಲ್ಲ; ಇಡೀ ಸಭೆಯ ಅಧಿಕಾರ ಆಡಳಿತಾಧಿಕಾರಿಯ ಒಂದು ಸಹಿಯಲ್ಲಿದೆ. ಹುಲಸೂರು, ಚಿಟಗುಪ್ಪದವರಂತೂ ತಮ್ಮ ಊರು ತಾಲ್ಲೂಕು ಕೇಂದ್ರವಾದ ಮೇಲೆ ತಾಲ್ಲೂಕು ಪಂಚಾಯಿತಿಗೆ ಒಮ್ಮೆಯೂ ಮತ ಹಾಕಿಲ್ಲ.

ಅಧಿಕಾರಿಗಳೇ ಬೇಡವೆಂಬುದು ನಮ್ಮ ಮಾತಲ್ಲ. ಕಲ್ಯಾಣದ ನೆಲದವರು ಹಾಗೆನ್ನುವಂತೆಯೂ ಇಲ್ಲ; ಬಸವಣ್ಣನವರೇ ಬಿಜ್ಜಳನ ಭಂಡಾರಿಯಾಗಿದ್ದವರು. ಆದರೆ ಅನುಭವ ಮಂಟಪದ ಶೂನ್ಯ ಪೀಠದಲ್ಲಿ ಕೂತದ್ದು ಅಲ್ಲಮಪ್ರಭು, ಭಂಡಾರಿಯಲ್ಲ.

ಬೇಸಿಗೆಯಲ್ಲಿ ತಾಂಡಾದ ಬೋರ್‌ವೆಲ್ ಬತ್ತಿದರೆ ಮೊದಲೆಲ್ಲ ಬೆಳಗಾಗುತ್ತಲೇ ತಾಲ್ಲೂಕು ಪಂಚಾಯಿತಿ ಸದಸ್ಯರ ಮನೆ ಬಾಗಿಲಲ್ಲಿ ನಿಲ್ಲುತ್ತಿದ್ದೆವು. ಅವರು ಗೊಣಗಿಕೊಂಡಾದರೂ ಸಭೆಯಲ್ಲಿ ಬಾಯಿ ಬಿಡುತ್ತಿದ್ದರು. ಬಿಡದಿದ್ದರೆ ಮುಂದಿನ ಚುನಾವಣೆಯಲ್ಲಿ ನಾವು ನೋಡಿಕೊಳ್ಳುತ್ತಿದ್ದೆವು. ಈಗ ಕೂಲಿ ಬಿಟ್ಟು ಬಸ್ಸು ಹಿಡಿದು ಕಚೇರಿಗೆ ಬಂದರೆ ‘ಸಾಹೇಬರು ವಿಡಿಯೊ ಕಾನ್ಫರೆನ್ಸ್‌ನಲ್ಲಿದ್ದಾರೆ, ಅರ್ಜಿ ಟಪಾಲಿಗೆ ಕೊಟ್ಟು ಹೋಗಿ’ ಎಂಬ ಉತ್ತರ. ಸೀಲು ಬೀಳುತ್ತದೆ, ಸ್ವೀಕೃತಿ ಸಿಗುತ್ತದೆ. ಕಡತ ಯಾರ ಟೇಬಲ್ಲಿಗೆ ಹೋಯಿತೆಂದು ಒಳಗೆ ಹೋಗಿ ಕೇಳಲು ನಾವು ಆರಿಸಿದವರು ಯಾರೂ ಇಲ್ಲ. ಅರ್ಧದಷ್ಟು ಸ್ಥಾನ ಮೀಸಲಿರುವ ಹೆಣ್ಣುಮಕ್ಕಳಿಗೆ ಈ ನಷ್ಟ ಇನ್ನೂ ದೊಡ್ಡದು.

ಸಂವಿಧಾನದ 243ಇ ವಿಧಿಯ ಪ್ರಕಾರ ಐದು ವರ್ಷದ ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆದಿರಬೇಕು. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ ಎಂದು ಕಾರಣ ಹೇಳಿ ಮುಂದೂಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಮೇ 10ರಂದು ಸುರೇಶ್ ಮಹಾಜನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅದೇ ಕಾರಣಗಳನ್ನು ನಾವು ಇಂದಿಗೂ ಕೇಳುತ್ತಿದ್ದೇವೆ. ನಮ್ಮ ರಾಜ್ಯದಲ್ಲೇ, ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ ಹಿರಿಯ ಐಎಎಸ್ ಅಧಿಕಾರಿಯೇ ಚುನಾಯಿತ ಅಧ್ಯಕ್ಷರ ಕೈಕೆಳಗೆ ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿದ್ದರು. ದೇಶಕ್ಕೇ ಮಾದರಿಯೆನಿಸಿಕೊಂಡ ರಾಜ್ಯದಲ್ಲಿ ಇಂಥ ಮನವಿ ಬರೆಯಬೇಕಾಗಿ ಬಂದದ್ದಕ್ಕೆ ನಮಗೇ ಸಂಕೋಚವಾಗುತ್ತದೆ.

ಆದ್ದರಿಂದ, ಮೀಸಲಾತಿ ಪಟ್ಟಿಯನ್ನು ಅಂತಿಮಗೊಳಿಸಿ ರಾಜ್ಯ ಚುನಾವಣಾ ಆಯೋಗಕ್ಕೆ ಕೂಡಲೇ ಒಪ್ಪಿಸಬೇಕು. ಚುನಾವಣೆ ಆಗುವವರೆಗೆ ಆಡಳಿತಾಧಿಕಾರಿಗಳ ಪ್ರತಿಯೊಂದು ನಡಾವಳಿಯನ್ನೂ ಕ್ರಿಯಾಯೋಜನೆಯನ್ನೂ ಕನ್ನಡದಲ್ಲಿ, ಜನರಿಗೆ ಅರ್ಥವಾಗುವಂತೆ, ಆಯಾ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಹಾಕಿಸಬೇಕು. ತಿಂಗಳಿಗೊಮ್ಮೆ ಬಸವಕಲ್ಯಾಣ, ಹುಮನಾಬಾದ್, ಹುಲಸೂರು, ಚಿಟಗುಪ್ಪದಲ್ಲಿ ಬಹಿರಂಗ ಸಭೆ ಕರೆದು ಲೆಕ್ಕ ಓದಿಸಬೇಕು. ಗ್ರಾಮ ಸಭೆಯ ನಿರ್ಣಯವನ್ನು ತಿರಸ್ಕರಿಸುವುದಾದರೆ ಕಾರಣ ಬರೆದು, ಬರೆದವರ ಹೆಸರು, ಹುದ್ದೆ ನಮೂದಿಸಿ, 30 ದಿನದೊಳಗೆ ಗ್ರಾಮ ಪಂಚಾಯಿತಿಗೆ ಹಿಂದಿರುಗಿಸಬೇಕು.

ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಬಸವಕಲ್ಯಾಣ ಮತ್ತು ಹುಮನಾಬಾದ್ ಭಾಗದ ಮತದಾರರು

ಪ್ರತಿ: ರಾಜ್ಯ ಚುನಾವಣಾ ಆಯುಕ್ತರು, ಬೆಂಗಳೂರು